ಗೊಂಬೆ ಮೆಟ್ಟಿಲ ಮೇಲೊಂದು ಯುದ್ಧನೌಕೆ

ನವರಾತ್ರಿಗೆ ಗೊಂಬೆ ಕೂರಿಸುವಾಗ ನೀವು ಏನೇನು ಯೋಚಿಸುತ್ತೀರಿ? ಪಟ್ಟದ ಗೊಂಬೆ ಯಾವ ಮೆಟ್ಟಿಲಿಗೆ, ದೀಪ ಯಾವ ಕಡೆಯಿಂದ ಬಿದ್ದರೆ ಚೆನ್ನ, ಪುಟ್ಟ ಮಕ್ಕಳ ಕೈಗೆ ಸಿಗಬಾರದ್ದು ಯಾವುದು, ಇಷ್ಟೆಲ್ಲ ಲೆಕ್ಕ ಹಾಕುತ್ತೀರಲ್ಲವೇ? ಹಾಗಾದರೆ ವಸ್ತುಸಂಗ್ರಹಾಲಯ ಜೋಡಿಸುವವರ ಕೆಲಸದಲ್ಲಿ ಅರ್ಧ ನಿಮಗೆ ಆಗಲೇ ಬರುತ್ತದೆ ಅನ್ನಿ. ಉಳಿದರ್ಧ ನನಗೆ ತಿಳಿದದ್ದು ಕಾರವಾರದಲ್ಲಿ.

ರಾಮನಗರ, ಚನ್ನಪಟ್ಟಣದ ಕಡೆಯವರಾದ ನಮಗೆ ದೊಡ್ಡ ನೀರೆಂದರೆ ಕಣ್ವ ಜಲಾಶಯ; ಮಾಗಡಿ ಕಡೆ ಹೋದರೆ ಮಂಚನಬೆಲೆ. ಕನಕಪುರದಾಚೆ ಸಂಗಮದಲ್ಲಿ ಹರಿಗೋಲು ಹತ್ತಿದವರೇ ನಮ್ಮಲ್ಲಿ ಧೈರ್ಯವಂತರು! ಅಂಥ ನಾವು ಮಕ್ಕಳನ್ನು ಕಟ್ಟಿಕೊಂಡು ಕಾರವಾರದ ಟಾಗೋರ್ ಕಡಲತೀರಕ್ಕೆ ಹೋದಾಗ, ಮರಳಿನ ಮೇಲೆ ನಿಂತಿದ್ದ ಐಎನ್ಎಸ್ ಚಪಲ ನೌಕೆಯನ್ನು ಕಂಡು ಬಾಯಿ ತೆರೆದುಕೊಂಡೇ ನಿಂತೆವು. ಸೋವಿಯತ್ ರಷ್ಯಾದಲ್ಲಿ ಕಟ್ಟಿದ ಕ್ಷಿಪಣಿ ದೋಣಿ. 1976ರಲ್ಲಿ ನಮ್ಮ ನೌಕಾಪಡೆಗೆ ಸೇರಿ, 2005ರಲ್ಲಿ ನಿವೃತ್ತಿಯಾಗಿ, 2006ರಲ್ಲಿ ವಸ್ತುಸಂಗ್ರಹಾಲಯವಾಯಿತು. ಉದ್ದ ಸುಮಾರು 39 ಮೀಟರು, ಅಂದರೆ ಎರಡು ಕ್ರಿಕೆಟ್ ಪಿಚ್ಚಿನಷ್ಟು.

ಒಳಗೆ ಕಪ್ತಾನ, ವೈದ್ಯ, ನಾವಿಕರ ಬೊಂಬೆಗಳನ್ನು ನಿಲ್ಲಿಸಿದ್ದರು. ಗಂಡಸರೆಲ್ಲ ಕ್ಷಿಪಣಿ ನೋಡುತ್ತಿದ್ದರೆ ನನ್ನ ಮಗಳು ಸೆರಗು ಜಗ್ಗಿ, "ಇವ್ರು ಊಟ ಎಲ್ಲಿ ಮಾಡ್ತಿದ್ರಮ್ಮಾ?" ಅಂದಳು. ನನಗೂ ಅದೇ ಬೇಕಿತ್ತು. ಸುಮಾರು ಮೂವತ್ತು ಜನ ಈ ಇಕ್ಕಟ್ಟಿನಲ್ಲಿ ಮಲಗಿ, ಉಂಡು, ಅಲೆಗೆ ಹೊಟ್ಟೆ ತೊಳಸಿಕೊಂಡು ಬದುಕಿದ್ದರಲ್ಲ! ಆ ಬೊಂಬೆಗಳಿಲ್ಲದಿದ್ದರೆ ಅದು ಬರೀ ಕಬ್ಬಿಣ.

ಇನ್ನೊಂದು ಮಾತು. ಚಪಲ 1971ರ ಯುದ್ಧದಲ್ಲಿ ಕರಾಚಿಯ ಮೇಲೆ ದಾಳಿ ಮಾಡಿತ್ತು ಅಂತ ಹೇಳುವವರು ಬೇಕಾದಷ್ಟು ಜನ. ಕೂಡಿ ಕಳೆದು ನೋಡಿ: ಸೇವೆಗೆ ಸೇರಿದ್ದೇ 1976ರಲ್ಲಿ! 1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ಹೋದ ಕ್ಷಿಪಣಿ ದೋಣಿಗಳು ನಿಪಾತ್, ನಿರ್ಘಾತ್ ಮತ್ತು ವೀರ್. ನಾಲ್ಕು ದಿನ ಬಿಟ್ಟು ಹೋದದ್ದು ವಿನಾಶ್. ಆ ದಿನದ ನೆನಪಿಗೇ ಡಿಸೆಂಬರ್ 4 ನೌಕಾಪಡೆ ದಿನ. ಚಪಲ ಇವುಗಳ ತಂಗಿ ಅನ್ನಬಹುದು. ಅಕ್ಕನ ಸಾಹಸವನ್ನು ತಂಗಿಯ ಹೆಸರಿಗೆ ಬರೆದರೆ ಅಕ್ಕನ ಜೊತೆ ಹೋದವರಿಗೆ ಅನ್ಯಾಯವಲ್ಲವೇ? ಪ್ರದರ್ಶನದಲ್ಲಿ ವಸ್ತುವಿಗಿಂತ ಪಕ್ಕದ ಚೀಟಿ ಬರೆಯುವುದೇ ಕಷ್ಟ ಅನ್ನಿಸಿದ್ದು ಆಗ.

ಅದೇ ಡಿಸೆಂಬರ್ 9ರ ರಾತ್ರಿ ದೀವ್ ಹತ್ತಿರ ಖುಕ್ರಿ ನೌಕೆ ಮುಳುಗಿ 18 ಅಧಿಕಾರಿಗಳು, 176 ನಾವಿಕರು ಹೋದರು. ಅಂಥದ್ದನ್ನು ತೋರಿಸಲು ನೀವೇನು ಇಡುತ್ತೀರಿ? ನಾನಾದರೆ ಮನೆಗೆ ಬಂದ ಕೊನೆಯ ಕಾಗದ ಇಡುತ್ತೇನೆ. ಅದನ್ನು ಕಾಯುವುದೂ ಸುಲಭವಲ್ಲ ಕಣ್ರೀ. ಹಳೆಯ ಕಾಗದ, ಬಟ್ಟೆಗೆ ಬೆಳಕು 50 ಲಕ್ಸ್ ದಾಟಬಾರದು ಅನ್ನುತ್ತಾರೆ, ಅಂದರೆ ದೇವರ ಮನೆಯ ಮಬ್ಬು ಬೆಳಕಿನ ಹಾಗೆ. ರೇಷ್ಮೆ ಸೀರೆಯನ್ನು ಬಿಸಿಲಿಗೆ ಹಾಕಬೇಡ ಅಂತ ಅಜ್ಜಿ ಬೈಯುತ್ತಿದ್ದಳಲ್ಲ, ಅದೇ ಶಾಸ್ತ್ರ.

ಊರಿಗೆ ಬಂದ ಮೇಲೆ ಮಗಳದ್ದು ಒಂದೇ ಹಟ, ದಸರೆಗೆ ಚಪಲ ಬೇಕು. ನಮ್ಮ ಬೀದಿಯ ಗೊಂಬೆ ಕುಶಲಿಯೊಬ್ಬರಿಗೆ ಹೇಳಿದೆವು. ನೂರಕ್ಕೆ ಒಂದರ ಅಳತೆ ಹಿಡಿದರೆ ನೌಕೆ 39 ಸೆಂಟಿಮೀಟರು, ಲಟ್ಟಣಿಗೆಗಿಂತ ಸ್ವಲ್ಪ ಉದ್ದ. ಕಾರವಾರವೇ ತವರಾದ ವಿಕ್ರಮಾದಿತ್ಯ ವಿಮಾನವಾಹಕ 284 ಮೀಟರು; ಅದೇ ಅಳತೆಯಲ್ಲಿ ಮಾಡಿದರೆ ನಮ್ಮ ನಡುಮನೆಯೇ ಸಾಲದು! ಲೇತಿಗೆ ಕೊಟ್ಟ ಹಾಲೆಮರ ದುಂಡಗೆ ಮಾತ್ರ ಬರುತ್ತದೆ. ನಾಲ್ಕು ಕ್ಷಿಪಣಿ ಕೊಳವೆಗಳು ಚಿಟಿಕೆ ಹೊಡೆಯುವಷ್ಟರಲ್ಲಿ ಆದವು. ದೋಣಿಯ ಒಡಲನ್ನು ಮಾತ್ರ ಉಳಿಯಿಂದ ಕೆತ್ತಬೇಕಾಯಿತು, ಅದಕ್ಕೆ ಮೂರು ದಿನ. ಅರಗಿನ ಕಡ್ಡಿಯಲ್ಲಿ ಬೂದು ಬಣ್ಣ ಇಲ್ಲ ಅಂತ ಕಪ್ಪು ಬಿಳಿ ಕಲಸಿದರು ಪಾಪ.

ತಕರಾರು ಬಂದದ್ದು ನಾವಿಕರ ಹತ್ತಿರ. ಈ ಅಳತೆಯಲ್ಲಿ ಮನುಷ್ಯನೆಂದರೆ ಮಾಗಡಿ ಅವರೆಕಾಳಿಗಿಂತ ತುಸು ಎತ್ತರ, ಕಣ್ಣಿಗೇ ಕಾಣೋದಿಲ್ಲ. ದೊಡ್ಡದು ಮಾಡಿದರೆ ನೌಕೆ ಆಟಿಕೆಯಾಗುತ್ತದೆ. ಕೊನೆಗೆ ನೌಕೆಯನ್ನು ಮೇಲಿನ ಮೆಟ್ಟಿಲಲ್ಲಿಟ್ಟು, ಗೇಣುದ್ದದ ನಾವಿಕರನ್ನು ಕೆಳಗಿನ ಮೆಟ್ಟಿಲಲ್ಲಿ ನಿಲ್ಲಿಸಿದೆ. ಪಕ್ಕದಲ್ಲಿ ಆರು ಹೆಂಗಸರು: 2017ರಿಂದ 2018ರವರೆಗೆ ತಾರಿಣಿ ಹಾಯಿದೋಣಿಯಲ್ಲಿ ಹೊರಟು 254 ದಿನಗಳಲ್ಲಿ ಜಗತ್ತು ಸುತ್ತಿ ಬಂದ ನೌಕಾಪಡೆಯ ಹೆಣ್ಣುಮಕ್ಕಳು. ಆರತಿಗೆ ಬಂದವರು ನಿಂತು ನೋಡಿದ್ದು ಇವರನ್ನೇ.

ಚೀಟಿಯನ್ನು ನಾನೇ ಬರೆದೆ: "ಚಪಲ. ಸೇವೆ 1976ರಿಂದ 2005." ಎದುರು ಮನೆಯವರು "ಯುದ್ಧದ ವಿಷಯ ಬರೀಲಿಲ್ವಾ?" ಅಂದರು. ವಿವರಿಸುವಷ್ಟರಲ್ಲಿ ಮಗಳು ತನ್ನ ಮರದ ಅಡಿಗೆ ಸೆಟ್ಟು ತಂದು, ಒಲೆ, ತಟ್ಟೆ, ಸೌಟು ಎಲ್ಲವನ್ನೂ ನಾವಿಕರ ಮುಂದೆ ಜೋಡಿಸಿಬಿಟ್ಟಿದ್ದಳು.