ಮೂಗಿಗೆ ಗೊತ್ತಾಗದ ಅರಿವಳಿಕೆ

ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಯಾಗಲಿ, ಮದ್ದೂರು, ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಗಳಾಗಲಿ, ಓ.ಟಿ.ಯೊಳಗೆ ಅರಿವಳಿಕೆ ಕೊಡುವ ಯಂತ್ರದ ತತ್ವ ಒಂದೇ. ನಮ್ಮ ಕಡೆ ಅದಕ್ಕೆ ಇಂದಿಗೂ ಬಾಯ್ಲ್ಸ್ ಮಶಿನ್ ಎನ್ನುವವರುಂಟು. ಲಂಡನ್ನಿನ ವೈದ್ಯ ಹೆನ್ರಿ ಬಾಯ್ಲ್ 1917ರಲ್ಲಿ ರೂಪಿಸಿದ ಯಂತ್ರದ ಹೆಸರು ಹಾಗೇ ಉಳಿದುಕೊಂಡಿದೆ. ರೋಗಿ ಒಳಗೆಳೆದುಕೊಂಡ ಅನಿಲ ಮೈಯಲ್ಲಿ ಖರ್ಚಾಗಿಬಿಡುತ್ತದೆ ಎಂದು ನಾವು ಭಾವಿಸುತ್ತೇವೆ. ಹಾಗಾಗುವುದಿಲ್ಲ. ಉಸಿರಿನ ಮೂಲಕ ಕೊಡುವ ಅರಿವಳಿಕೆ ಆವಿಯಾದ ಸೆವೋಫ್ಲೂರೇನ್‌ನಲ್ಲಿ ಮೈ ಒಡೆದು ಅರಗಿಸುವುದು ಹೆಚ್ಚೆಂದರೆ ನೂರಕ್ಕೆ 5 ಪಾಲು. ನೈಟ್ರಸ್ ಆಕ್ಸೈಡ್ ಅಂತೂ ಬಂದಂತೆಯೇ ವಾಪಸು. ಹೆಚ್ಚಾದ ಅನಿಲವನ್ನು ಯಂತ್ರದ ಒತ್ತಡದ ಕವಾಟ ಹೊರಬಿಡುತ್ತದೆ. ಅದರ ಬಾಯಿಗೆ ಕೊಳವೆ ಜೋಡಿಸಿ ಹೊರಗೆ ಒಯ್ಯದಿದ್ದರೆ, ಅದನ್ನು ಉಸಿರಾಡುವವರು ಸಿಸ್ಟರ್, ಟೆಕ್ನಿಷಿಯನ್ ಮತ್ತು ವೈದ್ಯರು.

ರೋಗಿಗೆ ಕೊಡುವ ಸೆವೋಫ್ಲೂರೇನ್ ಸುಮಾರು ನೂರಕ್ಕೆ 2, ಅಂದರೆ ಹತ್ತು ಲಕ್ಷದಲ್ಲಿ 20,000 ಪಾಲು. ಇಂಥ ಆವಿಗಳಿಗೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ 1977ರಲ್ಲಿ ಸೂಚಿಸಿದ ಮಿತಿ ಹತ್ತು ಲಕ್ಷದಲ್ಲಿ 2 ಪಾಲು, ನೈಟ್ರಸ್‌ಗೆ 25. ‘ವಾಸನೆಯೇ ಇಲ್ಲವಲ್ಲ’ ಎಂಬ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಮೂಗಿಗೆ ಗೊತ್ತಾಗುವ ಹೊತ್ತಿಗೆ ಆವಿ ಮಿತಿಯನ್ನು ಹಲವು ಪಟ್ಟು ದಾಟಿರುತ್ತದೆ. ಎ.ಸಿ. ಇದೆಯಲ್ಲ ಎಂದರೆ, ಸ್ಪ್ಲಿಟ್ ಎ.ಸಿ. ಕೋಣೆಯ ಗಾಳಿಯನ್ನೇ ತಿರುಗಿಸಿ ತಣ್ಣಗೆ ಮಾಡುತ್ತದೆ. ಹೊಸ ಗಾಳಿ ತರುವುದಿಲ್ಲ, ಹಳೆಯದನ್ನು ಕಳಿಸುವುದೂ ಇಲ್ಲ.

ಇದರಿಂದ ಯಾರಿಗೆ ಏನಾಗಿದೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. 1967ರಲ್ಲಿ ಸೋವಿಯತ್ ಒಕ್ಕೂಟದ ವೈಸ್‌ಮನ್, ಅರಿವಳಿಕೆ ತಜ್ಞೆಯರ 31 ಗರ್ಭಗಳಲ್ಲಿ 18 ಗರ್ಭಪಾತವಾದವೆಂದು ಬರೆದಾಗ ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ. ಆ ಅಂಕಿಯನ್ನು ನಂಬಿ ಭಯಪಡಬೇಕಿಲ್ಲ. ಆದರೆ 1992ರಲ್ಲಿ ಅಮೆರಿಕದ ದಂತ ಸಹಾಯಕಿಯರ ಅಧ್ಯಯನ ಇನ್ನಷ್ಟು ಗಟ್ಟಿ. ಕೊಳವೆಯಿಲ್ಲದ ಕೋಣೆಯಲ್ಲಿ ವಾರಕ್ಕೆ 5 ಗಂಟೆ ಅಥವಾ ಹೆಚ್ಚು ನೈಟ್ರಸ್ ನಡುವೆ ದುಡಿದವರಿಗೆ ಆಯಾ ತಿಂಗಳು ಗರ್ಭ ನಿಲ್ಲುವ ಸಾಧ್ಯತೆ, ಉಳಿದವರಿಗಿದ್ದುದರ ನೂರಕ್ಕೆ 41ರಷ್ಟೇ. ಅನಿಲ ಹೊರಸೆಳೆಯುವ ವ್ಯವಸ್ಥೆ ಇದ್ದಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ನನ್ನ ವಾದಕ್ಕೆ ಈ ಕೊನೆಯ ಮಾತೇ ಆಧಾರ.

ಸಿಸೇರಿಯನ್‌ಗೆ ಬಹುತೇಕ ಬೆನ್ನಿಗೇ ಇಂಜೆಕ್ಷನ್, ಅನಿಲವೇ ಕಡಿಮೆ ಎನ್ನುವುದೂ ನಿಜ. ಆದರೆ ಮಾಸ್ಕ್ ಹಿಡಿದು ಮಗುವನ್ನು ಮಲಗಿಸುವಾಗ ಕೆನ್ನೆಯ ಅಂಚಿನಿಂದ ಸೋರುವುದು ತಪ್ಪದು. ಮಾಸ್ಕ್ ಮುಖಕ್ಕೆ ಕೂರುವ ಮುನ್ನ ಅನಿಲ ತೆರೆಯದಿರುವುದು, ಟ್ಯೂಬ್ ತೆಗೆಯುವ ಮೊದಲು ಬರೀ ಆಮ್ಲಜನಕ ಹರಿಸಿ ತೊಳೆಯುವುದು, ಇವಕ್ಕೆ ಕಾಸು ಬೇಡ. ಖರ್ಚಿನ ಲೆಕ್ಕವಂತೂ ಉಲ್ಟಾ. ನಿಮಿಷಕ್ಕೆ 6 ಲೀಟರ್ ಹರಿವಿನಲ್ಲಿ 2 ಪ್ರತಿಶತ ಸೆವೋಫ್ಲೂರೇನ್ ಕೊಟ್ಟರೆ ಗಂಟೆಗೆ ಸುಮಾರು 40 ಮಿ.ಲೀ. ದ್ರವ ಬೇಕು, ಉಸಿರಿನ ಇಂಗಾಲದ ಡೈಆಕ್ಸೈಡ್ ಹೀರುವ ಸೋಡಾ ಲೈಮ್ ಇರುವ ಮುಚ್ಚಿದ ಸುತ್ತಿನಲ್ಲಿ ಹರಿವನ್ನು 1 ಲೀಟರ್‌ಗೆ ಇಳಿಸಿದರೆ 7 ಮಿ.ಲೀ. ಸಾಕು. 250 ಮಿ.ಲೀ. ಬಾಟಲಿ ಆರು ಗಂಟೆಯ ಬದಲು ಮೂವತ್ತೈದು ಗಂಟೆ ಬರುತ್ತದೆ. ಹೊರಗೆ ಹೋಗುವ ಅನಿಲವೂ ಅಷ್ಟೇ ಕಡಿಮೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ 273 ಪಟ್ಟು ಸಮರ್ಥವಾದ ನೈಟ್ರಸ್ ವಿಷಯದಲ್ಲಿ ಅದು ಸಣ್ಣ ಲಾಭವಲ್ಲ.

ಆರೋಗ್ಯ ರಕ್ಷಾ ಸಮಿತಿಗಳ ಸದಸ್ಯರು ಓ.ಟಿ.ಗೆ ಇನ್ನೊಂದು ಎ.ಸಿ. ಮಂಜೂರು ಮಾಡುವ ಮುನ್ನ ಯಂತ್ರದ ಹಿಂದಿನ ಕೊಳವೆ ಎಲ್ಲಿಗೆ ಹೋಗಿದೆ ಎಂದು ಒಮ್ಮೆ ನೋಡಲಿ. ಗೋಡೆಯಾಚೆ, ಕಿಟಕಿಗಳಿಂದ ದೂರ ಹೋಗಿರದಿದ್ದರೆ ಮೊದಲು ಅದನ್ನು ಮಾಡಿಸಲಿ.