ಮಕ್ಕಳ ಮೊದಲ ಕ್ಯಾಮೆರಾ: ಕಡಿಮೆ ಹಣದಲ್ಲಿ ಸರಿಯಾದ ಆಯ್ಕೆ ಹೇಗೆ?

ರಿಪ್ಪನ್‌ಪೇಟೆ: ಎಸ್ಸೆಸ್ಸೆಲ್ಸಿ ಮುಗಿಸಿದ ಮಗನೋ, ಪಿಯುಸಿಗೆ ಸೇರಿದ ಮಗಳೋ ಕ್ಯಾಮೆರಾ ಬೇಕೆಂದು ಕೇಳಿದಾಗ ಹೆಚ್ಚಿನ ಮನೆಗಳಲ್ಲಿ ಎರಡರಲ್ಲೊಂದು ನಡೆಯುತ್ತದೆ. ‘ಮೊಬೈಲ್ ಇದೆಯಲ್ಲ’ ಎಂದು ಮಾತು ಅಲ್ಲಿಗೇ ಮುಗಿಯುತ್ತದೆ. ಇಲ್ಲವೇ ಅಂಗಡಿಯವರು ತೋರಿಸಿದ್ದನ್ನು ಕಂತಿನಲ್ಲಿ ತರುತ್ತಾರೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಬೀರು ಸೇರುತ್ತದೆ. ಮೊದಲನೆಯದರಲ್ಲಿ ಮಕ್ಕಳ ಆಸಕ್ತಿ ಬತ್ತುತ್ತದೆ, ಎರಡನೆಯದರಲ್ಲಿ ಹಣ ಹೋಗುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಚಿತ್ರದಲ್ಲಿ ಉಳಿಸಿಡಬೇಕಾದ ಬಸದಿ, ಶಾಸನ, ನಿಷಿಧಿ ಕಲ್ಲುಗಳು ಎಷ್ಟೋ ಇವೆ. ಕ್ಯಾಮೆರಾ ಹಿಡಿಯಬಲ್ಲ ಮಕ್ಕಳು ಅವುಗಳಿಗೂ ಬೇಕು.

ಮೊದಲು ಮೂರು ತಿಂಗಳು ಮೊಬೈಲ್

ಕ್ಯಾಮೆರಾ ಕೊಳ್ಳುವ ಮೊದಲು ಮನೆಯ ಮೊಬೈಲ್‌ನಲ್ಲೇ ಮೂರು ತಿಂಗಳು ಚಿತ್ರ ತೆಗೆಯಲು ಹೇಳಬೇಕು. ಹಗಲಿನ ಬೆಳಕಿನಲ್ಲಿ ಮನೆಮಂದಿಯ ಚಿತ್ರ, ಊರಿನ ಚಿತ್ರ ಮೊಬೈಲ್‌ನಲ್ಲಿ ಚೆನ್ನಾಗಿಯೇ ಬರುತ್ತದೆ. ಮೂರು ತಿಂಗಳಾದ ಮೇಲೆ ‘ಇದರಲ್ಲಿ ನಿನಗೆ ಏನು ಆಗುತ್ತಿಲ್ಲ?’ ಎಂದು ಕೇಳಬೇಕು. ದೂರದ ಹಕ್ಕಿ ಸಿಗುತ್ತಿಲ್ಲ, ಬಸದಿಯ ಒಳಗಿನ ಮಂದ ಬೆಳಕಿನಲ್ಲಿ ಚಿತ್ರ ಕಾಳುಕಾಳಾಗುತ್ತಿದೆ, ಓಡುವವರ ಚಿತ್ರ ಮಸುಕಾಗುತ್ತಿದೆ ಎಂಬಂಥ ಸ್ಪಷ್ಟ ಉತ್ತರ ಬಂದರೆ ಕ್ಯಾಮೆರಾಕ್ಕೆ ಕಾಲ ಬಂದಿದೆ ಎಂದರ್ಥ. ಯಾವ ಕ್ಯಾಮೆರಾ ಎಂಬುದೂ ಆ ಉತ್ತರದಲ್ಲೇ ಇರುತ್ತದೆ.

ಮೆಗಾಪಿಕ್ಸೆಲ್ ನೋಡಿ ಕೊಳ್ಳಬೇಡಿ

ಆನ್‌ಲೈನ್‌ನಲ್ಲಿ ಹೆಸರೇ ಕೇಳದ ಕಂಪನಿಗಳ ‘48 ಮೆಗಾಪಿಕ್ಸೆಲ್, 4ಕೆ’ ಕ್ಯಾಮೆರಾಗಳು ಕೆಲವು ಸಾವಿರಕ್ಕೆ ಸಿಗುತ್ತವೆ. ಇಂಥ ಹಲವುಗಳಲ್ಲಿ ಚಿಕ್ಕ ಚಿತ್ರವನ್ನೇ ಹಿಗ್ಗಿಸಿ ಆ ಸಂಖ್ಯೆ ತೋರಿಸಿರುತ್ತಾರೆ. ಅದಕ್ಕಿಂತ ಮನೆಯ ಮೊಬೈಲೇ ಮೇಲು. ಚಿತ್ರದ ಗುಣ ಹೆಚ್ಚಾಗಿ ನಿಂತಿರುವುದು ಒಳಗಿನ ಸೆನ್ಸರ್‌ನ ಅಳತೆ ಮತ್ತು ಮುಂದಿನ ಲೆನ್ಸ್ ಮೇಲೆ. ಸಾಧಾರಣ ಡಿಎಸ್ಎಲ್ಆರ್‌ನಲ್ಲಿ ಸೆನ್ಸರ್‌ನ ಅಗಲ ಸುಮಾರು 22ರಿಂದ 24 ಮಿಲಿಮೀಟರ್ ಇರುತ್ತದೆ. ಮೊಬೈಲ್‌ನದು ಅದಕ್ಕಿಂತ ಬಹಳ ಚಿಕ್ಕದು. 50, 60 ಪಟ್ಟು ಜೂಮ್ ಇರುವ ಒಂದೇ ಲೆನ್ಸಿನ ಕ್ಯಾಮೆರಾಗಳು ಬಿಸಿಲಿನಲ್ಲಿ ಹಕ್ಕಿ ನೋಡಲು ಆಗುತ್ತವೆ. ಆದರೆ ಅವುಗಳಲ್ಲೂ ಸೆನ್ಸರ್ ಚಿಕ್ಕದೇ, ಬಸದಿಯ ಒಳಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ಹಳೆಯ ಬಾಡಿ, ಒಳ್ಳೆಯ ಲೆನ್ಸ್

ಕಂಪನಿಗಳು ಈಗ ಮಿರರ್‌ಲೆಸ್ ಕ್ಯಾಮೆರಾಗಳ ಕಡೆ ತಿರುಗಿವೆ. ಹಾಗಾಗಿ ಬಳಸಿದ ಡಿಎಸ್ಎಲ್ಆರ್‌ಗಳು ಕೈಗೆಟುಕುವ ದರದಲ್ಲಿ ಸಿಗುತ್ತವೆ. 2016ರ ಕ್ಯಾನನ್ 1300ಡಿ, 2018ರ ಕ್ಯಾನನ್ 1500ಡಿ, ನಿಕಾನ್ ಡಿ3300 ಮತ್ತು ಡಿ3500 ಕಲಿಯುವವರಿಗೆ ಸಾಕು. ಬೆಳಕು, ವೇಗ, ಫೋಕಸ್ ಮೂರನ್ನೂ ಕೈಯಿಂದಲೇ ಹೊಂದಿಸಿ ಕಲಿಯಬಹುದು.

ಬಾಡಿಯ ಜೊತೆ ಬರುವ 18-55 ಲೆನ್ಸ್ ಆರಂಭಕ್ಕೆ ಆಗುತ್ತದೆ. ಆಮೇಲೆ ಹಣ ಇದ್ದರೆ ಬಾಡಿ ಬದಲಿಸದೆ ಎಫ್/1.8ರ ಚಿಕ್ಕ ಲೆನ್ಸ್ ಒಂದನ್ನು ಕೊಳ್ಳಬೇಕು. ಈ ಅಂಕಿ ಕಡಿಮೆಯಾದಷ್ಟೂ ಲೆನ್ಸ್ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಎಫ್/5.6ಕ್ಕೆ ಹೋಲಿಸಿದರೆ ಎಫ್/1.8ರಲ್ಲಿ ಒಳಬರುವ ಬೆಳಕು ಒಂಬತ್ತು ಪಟ್ಟಿಗೂ ಹೆಚ್ಚು. ಕ್ಯಾನನ್‌ಗೆ 50 ಎಂಎಂ ಎಸ್‌ಟಿಎಂ, ನಿಕಾನ್‌ಗೆ 35 ಎಂಎಂ ಡಿಎಕ್ಸ್ ಇಂಥವು. ನಿಕಾನ್ ಡಿ3000 ಸಾಲಿನ ಬಾಡಿಯೊಳಗೆ ಫೋಕಸ್ ಮೋಟರ್ ಇಲ್ಲ. ಹಳೆಯ ‘ಎಎಫ್-ಡಿ’ ಲೆನ್ಸ್ ಹಾಕಿದರೆ ಫೋಕಸನ್ನು ಕೈಯಿಂದಲೇ ಮಾಡಬೇಕಾಗುತ್ತದೆ.

₹25,000 ಇದೆ ಎಂದಿಟ್ಟುಕೊಂಡರೆ, ಬಾಡಿ ಮತ್ತು 18-55ಕ್ಕೆ ₹17,000ಕ್ಕಿಂತ ಹೆಚ್ಚು ಹಾಕಬಾರದು. ಚಿಕ್ಕ ಲೆನ್ಸಿಗೆ ₹5,000ದಿಂದ 6,000 ಇಡಬೇಕು. ಉಳಿದದ್ದು ಮೆಮೊರಿ ಕಾರ್ಡ್, ಚೀಲ, ಡಬ್ಬಿಗೆ ಬೇಕು. ದರ ಊರಿಂದ ಊರಿಗೆ ಬದಲಾಗುತ್ತದೆ, ಆದರೆ ಪೂರ್ತಿ ಹಣವನ್ನು ಬಾಡಿಗೇ ಸುರಿಯಬಾರದೆಂಬುದು ಎಲ್ಲ ಕಡೆಯೂ ಒಂದೇ. ಹೊಸದೇ ಬೇಕೆನ್ನುವವರು ಜಿಎಸ್‌ಟಿ ಬಿಲ್ ಬಿಡಬಾರದು. ಬಿಲ್ ಇಲ್ಲದೆ ಒಂದೆರಡು ಸಾವಿರ ಉಳಿಸಲು ಹೋದರೆ ವಾರಂಟಿ ಕೈತಪ್ಪುತ್ತದೆ.

ಬಳಸಿದ್ದನ್ನು ಕೊಳ್ಳುವಾಗ ನೋಡಬೇಕಾದ್ದು

1. ಹಳೆಯ ಬಿಲ್ ಕೇಳಿ, ಅದರಲ್ಲಿನ ಸಂಖ್ಯೆ ಕ್ಯಾಮೆರಾದ ತಳದಲ್ಲಿರುವ ಸಂಖ್ಯೆಗೆ ತಾಳೆಯಾಗುತ್ತದೆಯೇ ನೋಡಿ.

2. ಲೆನ್ಸ್ ಬಿಚ್ಚಿಸಿ, ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಬೂಷ್ಟು ಹಿಡಿದಿದೆ. ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

3. ಎಫ್/22ಕ್ಕೆ ಇಟ್ಟು ಬಿಳಿ ಗೋಡೆಯ ಚಿತ್ರ ತೆಗೆದು ಹಿಗ್ಗಿಸಿ ನೋಡಿ. ಕಪ್ಪು ಚುಕ್ಕೆ ಇದ್ದರೆ ಸೆನ್ಸರ್ ಮೇಲೆ ಧೂಳಿದೆ. ಧೂಳಾದರೆ ಸ್ವಚ್ಛ ಮಾಡಿಸಬಹುದು, ಗೀರು ಬಿದ್ದಿದ್ದರೆ ಬಿಟ್ಟುಬಿಡಿ.

4. ಶಟರ್ ಎಷ್ಟು ಸಲ ಓಡಿದೆ ಎಂದು ಕೇಳಿ. ನಿಕಾನ್‌ನಲ್ಲಿ ತೆಗೆದ ಚಿತ್ರದ ಫೈಲಿನಲ್ಲೇ ಆ ಎಣಿಕೆ ಇರುತ್ತದೆ. ಡಿ3500ರ ಶಟರನ್ನು ಕಂಪನಿಯವರು 1 ಲಕ್ಷ ಕ್ಲಿಕ್‌ವರೆಗೆ ಪರೀಕ್ಷಿಸಿದ್ದಾರೆ. ಮದುವೆ ಫೋಟೋಗ್ರಾಫರ್ ಕೈಯಲ್ಲಿ ದುಡಿದದ್ದಕ್ಕಿಂತ ಮನೆಯಲ್ಲಿ ಇಟ್ಟಿದ್ದದ್ದು ಲೇಸು.

5. ಬ್ಯಾಟರಿ, ಚಾರ್ಜರ್, ಫ್ಲಾಶ್, ಎಲ್ಲ ಗುಂಡಿಗಳನ್ನೂ ಅಲ್ಲೇ ಪರೀಕ್ಷಿಸಿ.

ಫಿಲ್ಮ್ ಮತ್ತು ಚರ್ಮದ ವಿಚಾರ

ಇತ್ತೀಚೆಗೆ ಕೆಲವು ಯುವಕರಿಗೆ ಹಳೆಯ ಫಿಲ್ಮ್ ಕ್ಯಾಮೆರಾದ ಮೇಲೆ ಮತ್ತೆ ಮನಸ್ಸು ಬಂದಿದೆ. ಫಿಲ್ಮಿನ ಲೇಪನದಲ್ಲಿ ಜೆಲಾಟಿನ್ ಇರುತ್ತದೆ, ಅದನ್ನು ಪ್ರಾಣಿಗಳ ಮೂಳೆ ಮತ್ತು ಚರ್ಮದಿಂದ ತೆಗೆಯುತ್ತಾರೆ. ಶ್ರಾವಕ ಕುಟುಂಬಗಳು ಇದನ್ನು ತಿಳಿದು ನಿರ್ಧರಿಸುವುದು ಒಳಿತು. ಡಿಜಿಟಲ್‌ನಲ್ಲಿ ಫಿಲ್ಮ್ ಬೇಕಿಲ್ಲ. ಚೀಲ, ಪಟ್ಟಿ ಕೊಳ್ಳುವಾಗಲೂ ಬಟ್ಟೆ ಅಥವಾ ನೈಲಾನಿನದನ್ನು ಆರಿಸಬಹುದು. ಚರ್ಮದ ಚೀಲ ತೇವ ಹೀರಿ ಬೂಷ್ಟಿಗೂ ದಾರಿ ಮಾಡುತ್ತದೆ.

ಮಲೆನಾಡಿನ ಮಳೆಗೆ ಒಂದು ಡಬ್ಬಿ

ಆಗುಂಬೆ, ಹುಲಿಕಲ್ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳ ಸಾಲಿನಲ್ಲಿವೆ. ಇಲ್ಲಿ ಕ್ಯಾಮೆರಾ ಹಾಳಾಗುವುದು ಬಳಸಿ ಅಲ್ಲ, ಬಳಸದೆ ಮುಚ್ಚಿಟ್ಟು. ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ತೇವಾಂಶ ತೋರಿಸುವ ಚಿಕ್ಕ ಮಾಪಕ ಇಡಬೇಕು. ತೇವಾಂಶ ಶೇ 40ರಿಂದ 50ರೊಳಗೆ ಇದ್ದರೆ ಒಳ್ಳೆಯದು. ಜೆಲ್‌ನ ಬಣ್ಣ ಬದಲಾದಾಗ ಪೊಟ್ಟಣದ ಮೇಲೆ ಹೇಳಿದಂತೆ ಒಣಗಿಸಬೇಕು. ಅಡಿಗೆ ಪಾತ್ರೆಯಲ್ಲಿ ಮಾತ್ರ ಬಿಸಿ ಮಾಡಬಾರದು, ನೀಲಿ ಬಣ್ಣದ ಜೆಲ್‌ನಲ್ಲಿ ವಿಷಕಾರಿ ಕೋಬಾಲ್ಟ್ ಲವಣ ಇರುತ್ತದೆ. ವಾರಕ್ಕೊಮ್ಮೆ ಕ್ಯಾಮೆರಾ ಹೊರತೆಗೆದು ಹತ್ತು ಚಿತ್ರ ತೆಗೆಯುವುದೇ ಎಲ್ಲಕ್ಕಿಂತ ಒಳ್ಳೆಯ ರಕ್ಷಣೆ.

ಏನು ತೆಗೆಯಬೇಕು, ಹೇಗೆ ನಡೆದುಕೊಳ್ಳಬೇಕು

ಕಲಿಕೆಗೆ ದೂರ ಹೋಗಬೇಕಿಲ್ಲ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡ ಈಗ ವಸ್ತುಸಂಗ್ರಹಾಲಯವಾಗಿದೆ. ಹುಂಚದಲ್ಲಿ (ಹೊಂಬುಜ) ಸಾಂತರರ ಕಾಲದಲ್ಲಿ ಚಟ್ಟಲದೇವಿ 1077ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿ ಇದೆ, ಅದರ ಮುಂದೆ ಮಾನಸ್ತಂಭವಿದೆ.

ಶಾಸನದ ಚಿತ್ರ ತೆಗೆಯಲು ಬಿಸಿಲು ಓರೆಯಾಗಿ ಬೀಳುವ ಬೆಳಿಗ್ಗೆ ಅಥವಾ ಸಂಜೆ ಹೊತ್ತು ಒಳ್ಳೆಯದು. ಓರೆ ಬೆಳಕಿನಲ್ಲಿ ಪ್ರತಿ ಅಕ್ಷರದ ಅಂಚಿಗೂ ನೆರಳು ಬಿದ್ದು ಸವೆದ ಬರಹವೂ ಕಾಣುತ್ತದೆ. ಎದುರಿನಿಂದ ಫ್ಲಾಶ್ ಹೊಡೆದರೆ ಅದೇ ಕಲ್ಲು ಚಪ್ಪಟೆಯಾಗಿ ಕಾಣುತ್ತದೆ. ನೆರಳಿನಲ್ಲಿರುವ ಕಲ್ಲಿಗೆ ಪಕ್ಕದಿಂದ ಟಾರ್ಚ್ ಹಿಡಿದರೆ ಸಾಕು. ಅಕ್ಷರ ಕಾಣಲೆಂದು ಸೀಮೆಸುಣ್ಣ, ಎಣ್ಣೆ ಹಚ್ಚಬಾರದು. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು, ಊರು ಮತ್ತು ದಿನಾಂಕ ಬರೆದಿಟ್ಟುಕೊಂಡರೆ ಆ ಚಿತ್ರ ಮುಂದೆ ಓದುವವರಿಗೂ ದಾಖಲೆಯಾಗುತ್ತದೆ.

ಬಸದಿಯೊಳಗೆ ಪುರೋಹಿತರನ್ನು ಕೇಳದೆ ಕ್ಯಾಮೆರಾ ತೆಗೆಯಬಾರದು. ಫೋಟೋ ನಿಷೇಧದ ಫಲಕ ಇದ್ದಲ್ಲಿ ಕೇಳುವ ಮಾತೇ ಇಲ್ಲ. ಮುನಿಗಳು, ಮಾತಾಜಿಯವರ ಚಿತ್ರವನ್ನು ಅಪ್ಪಣೆ ಇಲ್ಲದೆ ತೆಗೆಯಬಾರದು. ಹಕ್ಕಿಯ ಗೂಡಿನ ಹತ್ತಿರ ಹೋಗುವುದು, ಮರೆಯಾಗಿರುವ ರೆಂಬೆ ಕಡಿಯುವುದು, ಮೊಬೈಲ್‌ನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು ಹಿಂಸೆಯೇ ಎಂಬುದನ್ನು ಮಕ್ಕಳಿಗೆ ಕ್ಯಾಮೆರಾ ಕೊಡುವ ದಿನವೇ ಹೇಳಬೇಕು.

ಕೊನೆಯದಾಗಿ, ಚಿತ್ರಗಳನ್ನು ಕಾರ್ಡಿನಲ್ಲೇ ಬಿಡದೆ ಎರಡು ಕಡೆ ನಕಲು ಮಾಡಿಡಬೇಕು. ತಿಂಗಳಿಗೆ ಮೂರೇ ಚಿತ್ರ ಆರಿಸಿ ಪ್ರಿಂಟ್ ಹಾಕಿಸಿ, ಹಿಂದೆ ಹೆಸರು, ಊರು, ದಿನಾಂಕ ಬರೆಯುವ ರೂಢಿ ಮಾಡಿಸಬೇಕು. ನೂರು ಚಿತ್ರದಲ್ಲಿ ಮೂರನ್ನು ಆರಿಸಲು ಕಲಿತವರಿಗೆ ಮುಂದಿನ ಕ್ಯಾಮೆರಾ ಯಾವುದೆಂದು ಯಾರೂ ಹೇಳಿಕೊಡಬೇಕಾಗುವುದಿಲ್ಲ.