ಪಾಸ್‌ಪೋರ್ಟಿನಲ್ಲಿ ‘ಇಸಿಆರ್’ ಇಲ್ಲ ಎಂದರೆ ಏನರ್ಥ?

ನಮ್ಮ ಕಾಲೇಜಿನ ಯಾವ ತರಗತಿಗೆ ಹೋಗಿ ಕೇಳಿದರೂ ಅಬ್ಬಾ, ಭಾಯಿ, ಮಾಮೂ, ಚಾಚಾ ಹೀಗೆ ಯಾರಾದರೂ ಒಬ್ಬರು ಗಲ್ಫ್‌ನಲ್ಲಿ ದುಡಿಯುತ್ತಿರುವ ಮನೆಯವರು ಸಿಗುತ್ತಾರೆ. ಪಿಯುಸಿ ಮುಗಿದ ಮೇಲೆ ತಾನೂ ಹೋಗಬೇಕು ಎಂದುಕೊಂಡಿರುವ ಗೆಳೆಯರೂ ಇದ್ದಾರೆ. ವಿಶ್ವಬ್ಯಾಂಕಿನ ಅಂದಾಜಿನ ಪ್ರಕಾರ 2024ರಲ್ಲಿ ಹೊರದೇಶಗಳಿಂದ ಭಾರತದ ಮನೆಗಳಿಗೆ ಬಂದ ಹಣ ಸುಮಾರು 129 ಬಿಲಿಯನ್ ಡಾಲರ್. ಜಗತ್ತಿನ ಬೇರೆ ಯಾವ ದೇಶಕ್ಕೂ ಇಷ್ಟು ಹಣ ಬರುವುದಿಲ್ಲ. ಇದನ್ನು ಗಳಿಸಿ ಕಳುಹಿಸುವವರ ರಕ್ಷಣೆಗೆ ನಮ್ಮ ಸರ್ಕಾರ ಏನು ವ್ಯವಸ್ಥೆ ಮಾಡಿದೆ? ಅದರಲ್ಲಿ ನಮ್ಮಂಥ ವಿದ್ಯಾರ್ಥಿಗಳ ಸ್ಥಾನ ಎಲ್ಲಿ? ಇದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ಕಾನೂನು ನೋಡೋಣ. ವಿದೇಶಕ್ಕೆ ಕೆಲಸಕ್ಕೆ ಹೋಗುವವರಿಗಾಗಿ ಇರುವುದು 1983ರ ವಲಸೆ ಕಾಯಿದೆ. ಇದರ ಪ್ರಕಾರ ಪಾಸ್‌ಪೋರ್ಟಿನಲ್ಲಿ ಎರಡು ವರ್ಗಗಳಿವೆ. ಹತ್ತನೇ ತರಗತಿ ಪಾಸಾಗದವರದು ಸಾಮಾನ್ಯವಾಗಿ ಇಸಿಆರ್ ವರ್ಗ, ಅಂದರೆ ವಲಸೆ ತಪಾಸಣೆ ಬೇಕಾದವರು. ಹತ್ತನೇ ತರಗತಿ ಪಾಸಾದವರದು ಇಸಿಎನ್‌ಆರ್ ವರ್ಗ, ಅಂದರೆ ತಪಾಸಣೆ ಬೇಡದವರು. ಇಸಿಆರ್ ಪಾಸ್‌ಪೋರ್ಟ್ ಇರುವವರು ಸೌದಿ ಅರೇಬಿಯಾ, ಯುಎಇ, ಕುವೈತ್, ಕತಾರ್, ಒಮಾನ್, ಬಹರೇನ್, ಮಲೇಷ್ಯಾ ಮುಂತಾದ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ‘ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್’ ಎಂಬ ಅಧಿಕಾರಿಯ ಅನುಮತಿ ಕಡ್ಡಾಯ. ಈ ಅಧಿಕಾರಿಯ ಕಚೇರಿ ಬೆಂಗಳೂರಿನಲ್ಲೂ ಇದೆ. ಅನುಮತಿ ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ.

ಈ ಅನುಮತಿ ಕೊಡುವ ಮೊದಲು ಕೆಲವು ವಿಷಯಗಳನ್ನು ನೋಡುತ್ತಾರೆ. ಕೆಲಸ ಕೊಡುವವರು ‘ಇ-ಮೈಗ್ರೇಟ್’ ಎಂಬ ಸರ್ಕಾರಿ ಜಾಲತಾಣದಲ್ಲಿ ನೋಂದಾಯಿಸಿದ್ದಾರೆಯೇ, ಕಳುಹಿಸುವ ಏಜೆಂಟರ ಬಳಿ ಲೈಸೆನ್ಸ್ ಇದೆಯೇ, ಒಪ್ಪಂದದಲ್ಲಿ ಸಂಬಳ ಎಷ್ಟೆಂದು ಬರೆದಿದೆಯೇ, ವಿಮೆ ಮಾಡಿಸಿದ್ದಾರೆಯೇ ಎಂದು ಪರಿಶೀಲಿಸುತ್ತಾರೆ. ಈ ವಿಮೆಯ ಹೆಸರು ಪ್ರವಾಸಿ ಭಾರತೀಯ ಬಿಮಾ ಯೋಜನೆ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತ ಅಂಗವಿಕಲತೆಯಾದರೆ 10 ಲಕ್ಷ ರೂಪಾಯಿ ಪರಿಹಾರ ಸಿಗುತ್ತದೆ. ತೆರಿಗೆ ಬಿಟ್ಟು ಪ್ರೀಮಿಯಂ ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ. 275ನ್ನು 730 ದಿನಗಳಿಗೆ ಹಂಚಿದರೆ ದಿನಕ್ಕೆ 38 ಪೈಸೆಯೂ ಆಗುವುದಿಲ್ಲ.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ಈ ಪತ್ರಿಕೆ ಓದುವ ವಿದ್ಯಾರ್ಥಿಗಳೆಲ್ಲರೂ ಎಸ್‌ಎಸ್‌ಎಲ್‌ಸಿ ಪಾಸಾದವರು. ಆದ್ದರಿಂದ ನಾವು ಇಸಿಎನ್‌ಆರ್. ನಮ್ಮ ಮೊಹಲ್ಲಾಗಳಲ್ಲಿ ಇದನ್ನು ಒಂದು ಅನುಕೂಲ ಎಂದೇ ಹೇಳುತ್ತಾರೆ. “ಇಸಿಆರ್ ಇಲ್ಲ, ಕಿರಿಕಿರಿ ಇಲ್ಲ” ಎನ್ನುತ್ತಾರೆ. ಕಿರಿಕಿರಿ ಇಲ್ಲ ಎನ್ನುವುದು ನಿಜ. ಆದರೆ ನಮ್ಮ ಒಪ್ಪಂದವನ್ನು ಯಾವ ಅಧಿಕಾರಿಯೂ ಓದಿ ನೋಡುವುದಿಲ್ಲ, ನಮಗೆ ಆ ವಿಮೆ ಕಡ್ಡಾಯವೂ ಅಲ್ಲ ಎನ್ನುವುದೂ ಅಷ್ಟೇ ನಿಜ. ಹತ್ತನೇ ತರಗತಿ ಓದಿದವನು ತನ್ನ ಕಾಗದಪತ್ರ ತಾನೇ ಓದಿಕೊಂಡು ತನ್ನನ್ನು ಕಾಪಾಡಿಕೊಳ್ಳುತ್ತಾನೆ ಎಂಬುದು ಈ ನಿಯಮದ ಹಿಂದಿನ ನಂಬಿಕೆ.

ಆದರೆ ಪಿಯುಸಿ ಮುಗಿಸಿ ಹೋದವನಿಗೆ ಅಲ್ಲಿ ಸಿಗುವ ಕೆಲಸ ಯಾವುದು? ಸೂಪರ್ ಮಾರ್ಕೆಟಿನಲ್ಲಿ ಸೇಲ್ಸ್‌ಮನ್, ಗೋದಾಮಿನಲ್ಲಿ ಸ್ಟೋರ್ ಕೀಪರ್, ಡ್ರೈವರ್, ಆಫೀಸ್ ಬಾಯ್. ಇಸಿಆರ್‌ನವನಿಗೂ ಇವನಿಗೂ ಕಫೀಲ್ ಒಬ್ಬನೇ, ಕ್ಯಾಂಪಿನ ಕೋಣೆಯೂ ಒಂದೇ. ನಾವು ಮನೆಯಲ್ಲಿ ಮಾತಾಡುವ ಉರ್ದುವಿನಲ್ಲಿ ‘ಕಫೀಲ್’ ಎಂದರೆ ಜಾಮೀನು ನಿಲ್ಲುವವನು. ಗಲ್ಫ್‌ನಲ್ಲಿ ಕಾರ್ಮಿಕನ ವೀಸಾ, ವಾಸದ ಪರವಾನಗಿ ಎರಡೂ ಅವನ ಹೆಸರಿಗೆ ಕಟ್ಟಿಕೊಂಡಿರುತ್ತವೆ. ಸೌದಿಯಲ್ಲಿ ಕಫೀಲ್ ಸಮಯಕ್ಕೆ ಸರಿಯಾಗಿ ಇಕಾಮಾ ನವೀಕರಿಸದಿದ್ದರೆ ತೊಂದರೆಗೆ ಸಿಕ್ಕುವವನು ಕಾರ್ಮಿಕ. ಕೆಲಸ ಬಿಟ್ಟು ಓಡಿಹೋಗಿದ್ದಾನೆ ಎಂದು ಕಫೀಲ್ ‘ಹುರೂಬ್’ ದೂರು ಕೊಟ್ಟರೆ ಬಂಧನದ ಭಯವೂ ಇರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಕತಾರ್, ಸೌದಿ ಮುಂತಾದ ದೇಶಗಳು ಈ ಪದ್ಧತಿಯನ್ನು ಸಡಿಲಿಸಿವೆ. ಆದರೂ ಒಪ್ಪಂದದಲ್ಲಿ ಏನು ಬರೆದಿದೆ ಎಂಬುದರ ಮೇಲೆಯೇ ಬಹಳಷ್ಟು ನಿಂತಿದೆ.

ಓದಿದವರಿಗೂ ತಪಾಸಣೆ ಬೇಕು ಎಂಬುದನ್ನು ಸರ್ಕಾರವೇ ಒಂದು ಸಲ ಒಪ್ಪಿಕೊಂಡಿದೆ. ಗಲ್ಫ್‌ಗೆ ನರ್ಸ್‌ಗಳನ್ನು ಕಳುಹಿಸುವಾಗ ಕೆಲವು ಏಜೆಂಟರು ಲಕ್ಷಗಟ್ಟಲೆ ಹಣ ಸುಲಿಗೆ ಮಾಡುತ್ತಿದ್ದುದು ಹೊರಬಂದಾಗ, 2015ರಲ್ಲಿ ನಿಯಮ ಬದಲಾಯಿತು. ಅಂದಿನಿಂದ ನರ್ಸ್‌ಗಳು ಇಸಿಎನ್‌ಆರ್ ಆಗಿದ್ದರೂ ಈ ದೇಶಗಳಿಗೆ ಕೆಲಸಕ್ಕೆ ಹೋಗಲು ಅನುಮತಿ ಪಡೆಯಬೇಕು. ಪದವಿ ಓದಿದ ನರ್ಸ್‌ಗೆ ಬೇಕಾದ ರಕ್ಷಣೆ ಪಿಯುಸಿ ಓದಿದ ಸೇಲ್ಸ್‌ಮನ್‌ಗೆ ಬೇಡವೇ?

ಇನ್ನೂ ಎರಡು ದಾರಿಗಳು ನಮ್ಮವರನ್ನು ಈ ವ್ಯವಸ್ಥೆಯಿಂದ ಹೊರಗೆ ತಳ್ಳುತ್ತವೆ. ಒಂದು ವಿಸಿಟ್ ವೀಸಾ. ಅದು ಪ್ರವಾಸಿಗರ ವೀಸಾ ಆದ್ದರಿಂದ ಇಸಿಆರ್‌ನವರಿಗೂ ವಲಸೆ ಅನುಮತಿ ಕೇಳುವುದಿಲ್ಲ. “ಮೊದಲು ಹೋಗು, ಅಲ್ಲಿ ಹೋದ ಮೇಲೆ ವೀಸಾ ಬದಲಾಯಿಸೋಣ” ಎಂದು ಏಜೆಂಟರು ಹೇಳುವುದು ಇದಕ್ಕಾಗಿಯೇ. ಹಾಗೆ ಹೋದವರು ಯಾವ ಕೆಲಸಕ್ಕೆ, ಯಾರ ಬಳಿಗೆ ಹೋದರು ಎಂಬ ದಾಖಲೆ ಇಲ್ಲಿ ಉಳಿಯುವುದಿಲ್ಲ. ಇನ್ನೊಂದು ‘ಆಜಾದ್ ವೀಸಾ’ ಅಥವಾ ಫ್ರೀ ವೀಸಾ. ಒಬ್ಬ ಕಫೀಲನಿಗೆ ಹಣ ಕೊಟ್ಟು ಅವನ ಹೆಸರಲ್ಲಿ ವೀಸಾ ಪಡೆದು ಬೇರೆ ಕಡೆ ದುಡಿಯುವುದು. ಹೆಸರು ಆಜಾದ್, ಅಂದರೆ ಸ್ವತಂತ್ರ. ಆದರೆ ಅಲ್ಲಿನ ಕಾನೂನಿನಲ್ಲಿ ಅಂಥ ವೀಸಾ ಇಲ್ಲವೇ ಇಲ್ಲ. ಸಿಕ್ಕಿಬಿದ್ದರೆ ದಂಡ, ಗಡಿಪಾರು.

ಹಾಗಾದರೆ ಇಸಿಎನ್‌ಆರ್‌ನವರಿಗೆ ಏನೂ ಇಲ್ಲವೇ? ಇದೆ. ಏಜೆಂಟರಿಗೆ ಲೈಸೆನ್ಸ್ ಇರಲೇಬೇಕು ಎಂಬ ನಿಯಮ ಎಲ್ಲರಿಗೂ ಅನ್ವಯಿಸುತ್ತದೆ. ಅವರು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ. ಶೇ. 18 ಜಿಎಸ್‌ಟಿ ಸೇರಿದರೆ 35,400 ರೂಪಾಯಿ. ಅದಕ್ಕೆ ರಸೀದಿ ಕೊಡಬೇಕು. ರಸೀದಿ ಇಲ್ಲದೆ ಲಕ್ಷ, ಒಂದೂವರೆ ಲಕ್ಷ ಕೊಟ್ಟವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ಮನೆಯಲ್ಲಿ ಕೇಳಿ ನೋಡಿ.

ಕಷ್ಟಕ್ಕೆ ಸಿಲುಕಿದ ಮೇಲೆ ಸಿಗುವ ಸಹಾಯಕ್ಕೂ ಪಾಸ್‌ಪೋರ್ಟಿನ ವರ್ಗ ಅಡ್ಡ ಬರುವುದಿಲ್ಲ. 2009ರಲ್ಲಿ ಶುರುವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ನಮ್ಮ ರಾಯಭಾರ ಕಚೇರಿಗಳಲ್ಲಿದೆ. ಅಲ್ಲಿ ಪಾಸ್‌ಪೋರ್ಟ್ ಮುಂತಾದ ಸೇವೆಗಳಿಗೆ ಬರುವ ಭಾರತೀಯರಿಂದ ಪಡೆಯುವ ಚಿಕ್ಕ ಶುಲ್ಕವೇ ಈ ನಿಧಿಯ ಆದಾಯ. ಅಂದರೆ ವಲಸಿಗರ ಹಣ ವಲಸಿಗರಿಗೇ ಬಳಕೆಯಾಗುತ್ತದೆ. ತೀರಾ ಅಗತ್ಯ ಇರುವವರಿಗೆ ತಾತ್ಕಾಲಿಕ ವಸತಿ, ತುರ್ತು ಚಿಕಿತ್ಸೆ, ವಕೀಲರ ನೆರವು, ಊರಿಗೆ ಟಿಕೆಟ್, ಮೃತದೇಹ ತರಿಸುವ ಖರ್ಚು ಇದರಿಂದ ಸಿಗುತ್ತದೆ. ಆದರೆ ಬಾಕಿ ಸಂಬಳ ಕೊಡುವ ನಿಧಿ ಇದಲ್ಲ. ಸಂಬಳದ ವ್ಯಾಜ್ಯ ಆ ದೇಶದ ಕಾನೂನಿನ ಪ್ರಕಾರವೇ ತೀರಬೇಕು.

2024ರ ಜೂನ್ 12ರಂದು ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರು ವಾಸವಾಗಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ಎರಡು ದಿನಗಳಲ್ಲಿ ವಾಯುಪಡೆಯ ವಿಮಾನ 45 ಭಾರತೀಯರ ಮೃತದೇಹಗಳನ್ನು ಕೊಚ್ಚಿಗೆ ತಂದಿತು. ಅವರಲ್ಲಿ ಕರ್ನಾಟಕದವರೂ ಇದ್ದರು. ಅಷ್ಟು ಬೇಗ ತಂದದ್ದು ಮೆಚ್ಚಬೇಕಾದ ಕೆಲಸವೇ. ಆದರೆ ಸಹಾಯ ದುರಂತದ ನಂತರ ಬರುತ್ತದೆ, ರಕ್ಷಣೆ ಹೊರಡುವ ಮೊದಲೇ ಇರಬೇಕು.

ಆದ್ದರಿಂದ ಹೊರಡುವ ಮುನ್ನ ಇಷ್ಟನ್ನು ಮಾಡಬೇಕು:

1. ಏಜೆಂಟರ ಹೆಸರು ಲೈಸೆನ್ಸ್ ಪಡೆದವರ ಪಟ್ಟಿಯಲ್ಲಿದೆಯೇ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬೇಕು.

2. ಹಣವನ್ನು ಬ್ಯಾಂಕ್ ಮೂಲಕ ಕೊಟ್ಟು ರಸೀದಿ ಇಟ್ಟುಕೊಳ್ಳಬೇಕು.

3. ಒಪ್ಪಂದದಲ್ಲಿ ಮೂಲ ಸಂಬಳ, ಕೆಲಸದ ಗಂಟೆ, ಓವರ್‌ಟೈಮ್, ರಜೆ, ವಾಪಸ್ ಟಿಕೆಟ್ ಇವುಗಳನ್ನು ಓದಬೇಕು. ಸಹಿ ಮಾಡಿದ ಪ್ರತಿಯೊಂದನ್ನು ಮನೆಯಲ್ಲಿ ಬಿಟ್ಟು ಹೋಗಬೇಕು.

4. ವೀಸಾದಲ್ಲಿ ಬರೆದ ಕೆಲಸ ಮತ್ತು ಒಪ್ಪಂದದ ಕೆಲಸ ಒಂದೇ ಆಗಿರಬೇಕು.

5. ಪಾಸ್‌ಪೋರ್ಟ್ ನಮ್ಮ ಬಳಿಯೇ ಇರಬೇಕು. 1967ರ ಪಾಸ್‌ಪೋರ್ಟ್ ಕಾಯಿದೆಯ ಪ್ರಕಾರ ಅದು ಭಾರತ ಸರ್ಕಾರದ ಆಸ್ತಿ. ಅದನ್ನು ಕಸಿದು ಇಟ್ಟುಕೊಳ್ಳಲು ಯಾವ ಮಾಲೀಕನಿಗೂ ಹಕ್ಕಿಲ್ಲ.

6. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 1800 11 3090 ಮನೆಯವರ ಮೊಬೈಲಿನಲ್ಲಿ ಇರಲಿ. ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ಮನೆಯವರೂ ದೂರು ಕೊಡಬಹುದು.

ಸರ್ಕಾರ ನಮ್ಮನ್ನು ಓದಿದವರು ಎಂದು ಲೆಕ್ಕಕ್ಕೆ ಹಿಡಿದಿದೆ. ಆದರೆ ಉದ್ಯೋಗದ ಒಪ್ಪಂದ ಓದುವುದನ್ನು ನಾವು ಯಾವ ತರಗತಿಯಲ್ಲೂ ಕಲಿತಿಲ್ಲ. ವಾಣಿಜ್ಯ ವಿಭಾಗದ ಉಪನ್ಯಾಸಕರಲ್ಲಿ ನನ್ನದೊಂದು ವಿನಂತಿ: ದ್ವಿತೀಯ ಪಿಯುಸಿ ಪರೀಕ್ಷೆಗೆ ಮೊದಲು ಒಂದು ಗಂಟೆ ಬಿಡುವು ಮಾಡಿ, ಒಂದು ನಿಜವಾದ ಗಲ್ಫ್ ಒಪ್ಪಂದವನ್ನು ನಮ್ಮ ಮುಂದಿಟ್ಟು ಸಾಲು ಸಾಲಾಗಿ ಓದಿಸಿ. ಮನೆಯಲ್ಲಿ ಹಳೆಯ ಒಪ್ಪಂದ ಇರುವವರು ಹೆಸರು ಮರೆಮಾಡಿ ಒಂದು ಪ್ರತಿ ತರಬಹುದು.